ಹತ್ತಿ ಎಂದು ಹೇಳಿದ್ದ ಜಾಕೆಟ್

ಭೂಗೋಳ ಪಾಠ ಮಾಡುವವರಿಗೆ ಒಂದು ಅನುಕೂಲವಿದೆ, ಏನನ್ನೂ ನೋಡದೆ ಎಲ್ಲವನ್ನೂ ಹೇಳಬಹುದು. ಶಿರಸಿಯ ಕಾಲೇಜೊಂದರಲ್ಲಿ ನಾನು ಇಪ್ಪತ್ತಾರು ವರ್ಷ ಹಿಮನದಿಯ ಪಾಠ ಮಾಡಿದ್ದೇನೆ. ಅದು ಹೇಗೆ ಹುಟ್ಟುತ್ತದೆ, ಹೇಗೆ ಜಾರುತ್ತದೆ, ಕಣಿವೆಯನ್ನು ಹೇಗೆ ಕೊರೆಯುತ್ತದೆ ಎಂಬುದನ್ನೆಲ್ಲ ಬೋರ್ಡಿನ ಮೇಲೆ ಬರೆದು, ಕೈ ಝಾಡಿಸಿ, ‘ತಿಳೀತಾ?’ ಎಂದು ಗದರಿಸಿದ್ದೇನೆ. ನಾನು ಕಣ್ಣಾರೆ ಕಂಡ ಹಿಮ ಮಾತ್ರ ನಮ್ಮನೆ ಫ್ರಿಜ್ಜಿನ ಮೇಲಿನ ಖಾನೆಯದು. ಅದನ್ನೂ ತಿಂಗಳಿಗೊಮ್ಮೆ ಚಮಚದಲ್ಲಿ ಕೆರೆದು ಬಚ್ಚಲಿಗೆ ಚೆಲ್ಲುತ್ತಿದ್ದೆ.

ಇದರ ಮೇಲೆ ನನಗೊಂದು ದೇಹಗುಣ. ಚಳಿ ತಾಗಿತೆಂದರೆ ಬೆರಳ ತುದಿಗಳು ಸುಣ್ಣ ಹಚ್ಚಿದ ಹಾಗೆ ಬೆಳ್ಳಗಾಗುತ್ತವೆ, ಆಮೇಲೆ ನೀಲಿ, ಆಮೇಲೆ ನೋವು. ಶಿರಸಿಯ ಡಿಸೆಂಬರಿನಲ್ಲೇ ಬೆಳಗಿನ ಮೊದಲ ಪೀರಿಯಡ್ಡಿಗೆ ಸೀಮೆಸುಣ್ಣ ಹಿಡಿಯಲು ಒದ್ದಾಡುವವಳು ನಾನು. ಡಾಕ್ಟರು, ‘ಗಾಬರಿ ಬೇಡ, ಮೈ ಬೆಚ್ಚಗಿಟ್ಟುಕೊಳ್ಳಿ, ಮೈ ಬೆಚ್ಚಗಿದ್ದರೆ ಬೆರಳೂ ಮಾತು ಕೇಳುತ್ತದೆ’ ಎಂದಿದ್ದರು. ಇಂಥ ಬೆರಳಿಟ್ಟುಕೊಂಡು ಹಿಮಾಲಯದ ಚಾರಣಕ್ಕೆ ಹೋಗುತ್ತೇನೆ ಎಂದಾಗ ನಮ್ಮನೆಯವರು ಚಾ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. ಅವರಿಗೆ ಯಲ್ಲಾಪುರದಲ್ಲಿ ಕೆಲಸ. ಮನೆಗೆ ಬರುವುದು ಶನಿವಾರ ಸಂಜೆ, ಬಾಯಿ ಬಿಡುವುದು ಭಾನುವಾರ ಮಧ್ಯಾಹ್ನ. ಅವತ್ತು ಶನಿವಾರವೇ ಬಾಯಿ ಬಿಟ್ಟರು.

‘ಅಲ್ಲಿ ಮೀಯಲೆ ಬಿಸ್ನೀರು ಸಿಗ್ತಾ?’

ಅಷ್ಟೇ. ಹೆಂಡತಿ ಹೆಪ್ಪುಗಟ್ಟಿ ಹೋದರೂ ಅಡ್ಡಿಲ್ಲ, ಸ್ನಾನ ತಪ್ಪಬಾರದು.

ನಾನು ಹೊರಟಿದ್ದು ಹಿಮ ನೋಡುವ ಆಸೆಗೆ ಮಾತ್ರ ಎಂದರೆ ಸುಳ್ಳಾದೀತು. ನಮ್ಮ ಮನೆ ಸಿದ್ದಾಪುರದ ಕಡೆ ಹೇರೂರಿನಲ್ಲಿ. ಮನೆಯಲ್ಲಿ ಅತ್ತೆ ಇದ್ದಾರೆ, ಎಂಬತ್ತಕ್ಕೆ ಒಂದು ಕಡಿಮೆ. ಅಡುಗೆಮನೆಯ ಗೋಡೆಗೆ ಅವರು ಅಂಟಿಸಿದ ಒಂದು ಹಳೆಯ ಕ್ಯಾಲೆಂಡರಿನ ಹಾಳೆಯಿದೆ. ಅದರಲ್ಲಿ ಬೆಟ್ಟದ ತುದಿಯ ಮೇಲೆ ಕಲ್ಲಿನದೊಂದು ಶಿವನ ಗುಡಿ, ಸುತ್ತ ಹಿಮ. ಆ ಗುಡಿಗೆ ಹೋಗಬೇಕೆಂದು ಅತ್ತೆ ಎರಡು ಸಲ ಹೊರಟಿದ್ದರು. ಒಂದು ಸಲ ಮಾವನಿಗೆ ಟೈಫಾಯ್ಡು, ಇನ್ನೊಂದು ಸಲ ಮಗಳ ಬಾಣಂತನ. ಮೂರನೆಯ ಸಲ ಹೊರಡುವಷ್ಟರಲ್ಲಿ ಮೊಣಕಾಲು ಕೈಕೊಟ್ಟಿತು. ಆಸೆ ಮಾತ್ರ ಹಾಗೇ ಉಳಿಯಿತು. ಮಧ್ಯಾಹ್ನ ಊಟವಾಗಿ ದಿಂಬಿಗೆ ತಲೆ ಕೊಟ್ಟರೆಂದರೆ ನಿದ್ದೆ ಬರುವ ತನಕ ಆ ದಾರಿಯ ಊರುಗಳನ್ನು ಸಾಲಾಗಿ ಹೇಳಿಕೊಳ್ಳುವುದು ಅವರ ಅಭ್ಯಾಸ. ಹೇರೂರು, ಶಿರಸಿ, ಹುಬ್ಬಳ್ಳಿ, ದಿಲ್ಲಿ, ಹರಿದ್ವಾರ, ಋಷಿಕೇಶ, ದೇವಪ್ರಯಾಗ, ರುದ್ರಪ್ರಯಾಗ. ಅಲ್ಲಿಗೆ ಬರುವಷ್ಟರಲ್ಲಿ ಗೊರಕೆ. ಗುಡಿಗೆ ಒಂದು ದಿನವೂ ಮುಟ್ಟಿದ್ದಿಲ್ಲ.

ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಏಳೆಂಟು ಜನ ಹೆಂಗಸರು ದಸರಾ ರಜೆಯಲ್ಲಿ ಅದೇ ಬೆಟ್ಟಕ್ಕೆ ಹೊರಟಾಗ ನಾನೂ ಹೆಸರು ಕೊಟ್ಟೆ. ಅತ್ತೆ ಬಿಳಿ ಬಟ್ಟೆಯಲ್ಲಿ ಒಂದು ಹಿಡಿ ಅಕ್ಕಿ, ಎರಡು ಅಡಿಕೆ, ಒಂದು ಅರಿಸಿನ ಕೊಂಬು ಇಟ್ಟು ಗಂಟು ಕಟ್ಟಿ ನನ್ನ ಕೈಗೆ ಕೊಟ್ಟರು. ‘ಯಂಗಂತೂ ಹೋಪಲಾಗ್ತಿಲ್ಲೆ. ನೀನಾದ್ರೂ ಇದ್ನ ದೇವರ ಮುಂದೆ ಇಟ್ಟಿಕ್ಕಿ ಬಾ’ ಎಂದರು.

ಆ ಮೊದಲ ಸಲದ ನನ್ನ ವೇಷವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಚಳಿ ಎಂದರೆ ಉಣ್ಣೆ, ಹೆಚ್ಚು ಚಳಿ ಎಂದರೆ ಹೆಚ್ಚು ಉಣ್ಣೆ, ಇದು ನನ್ನ ಭೂಗೋಳ. ಒಳಗೆ ಎರಡು ಹತ್ತಿ ಬನಿಯನ್ನು, ಅದರ ಮೇಲೆ ಮದುವೆಯ ಕಾಲದ ಸ್ವೆಟರು, ಅದರ ಮೇಲೆ ನಮ್ಮನೆಯವರ ಸ್ವೆಟರು, ಅದರ ಮೇಲೆ ಶಾಲು, ಚೀಲದಲ್ಲಿ ಒಂದು ಕರಿ ಕಂಬಳಿ. ನಮ್ಮ ಕಡೆ ಕಂಬಳಿಯ ಮೇಲೆ ಇರುವಷ್ಟು ನಂಬಿಕೆ ಡಾಕ್ಟರ ಮೇಲೂ ಇಲ್ಲ. ಬೆನ್ನಿನ ಚೀಲ ಹದಿನಾಲ್ಕು ಕಿಲೋ ತೂಗುತ್ತಿತ್ತು. ಏರಲು ಶುರುಮಾಡಿದ ಅರ್ಧ ತಾಸಿಗೆ ಬೆವರು ಇಳಿದು ಬನಿಯನ್ನು ಹಿಂಡುವ ಹಾಗಾಯಿತು. ಸುಧಾರಿಸಿಕೊಳ್ಳಲು ಒಂದು ಕಡೆ ಕೂತೆ. ಕೂತದ್ದೇ ತಪ್ಪಾಯಿತು, ಗಾಳಿ ಬೀಸಿತು, ಒದ್ದೆ ಬನಿಯನ್ನು ಮೈಗೆ ಅಂಟಿಕೊಂಡು ಹಲ್ಲು ಕಟಕಟ ಎನ್ನತೊಡಗಿತು. ಬೆರಳು ನೋಡಿಕೊಂಡರೆ ಸುಣ್ಣ. ಗುಡಿ ಇನ್ನೂ ಎರಡು ತಾಸಿನ ದಾರಿ ಇರುವಾಗಲೇ ನಮ್ಮ ಗೈಡು ನನ್ನ ಕೈ ಹಿಡಿದು ನೋಡಿ, ಕೆಳಗೆ ಇಳಿಸಿಬಿಟ್ಟ. ಹಿಮ ದೂರದಲ್ಲಿ ಬೆಳ್ಳಗೆ ಕಾಣುತ್ತಿತ್ತು. ಅಳು ಬಂತು, ಅತ್ತುಬಿಟ್ಟೆ.

ಗಂಟು ಹೋದ ಹಾಗೇ ಹೇರೂರಿಗೆ ವಾಪಸು ಬಂತು. ಅತ್ತೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ನಾನೂ ಎರಡು ಅಂದು ಹಗುರಾಗುತ್ತಿದ್ದೆ. ಅವರು ಗಂಟನ್ನು ದೇವರ ಗೂಡಿನಲ್ಲಿಟ್ಟರು. ಅಕ್ಕಿಗೆ ಹುಳ ಹಿಡಿಯಬಾರದೆಂದು ಪ್ರತಿ ಸಂಕ್ರಮಣಕ್ಕೆ ಬಿಚ್ಚಿ, ಹೊಸ ಅಕ್ಕಿ ಹಾಕಿ, ಮತ್ತೆ ಕಟ್ಟಿಡತೊಡಗಿದರು, ಅದೂ ನನಗೆ ಕಾಣುವ ಹಾಗೆ. ಎರಡು ವರ್ಷದ ಅಷ್ಟೂ ಸಂಕ್ರಮಣ ನಾನು ಅದನ್ನು ನೋಡಿದೆ.

ಹೀಗಾಗಿ ಎರಡನೆಯ ಸಲ ಹೊರಡುವಾಗ ನಾನು ಪರೀಕ್ಷೆಗೆ ಕೂರುವವರ ಹಾಗೆ ತಯಾರಿ ಮಾಡಿದೆ. ಮೊಬೈಲಿನಲ್ಲಿ ಓದಿದೆ, ನೋಡಿದೆ, ಟಿಪ್ಪಣಿ ಬರೆದುಕೊಂಡೆ. ಬೆಚ್ಚಗಿಡುವುದು ಬಟ್ಟೆಯ ತೂಕವಲ್ಲ, ಬಟ್ಟೆಯ ಒಳಗೆ ಸಿಕ್ಕಿಬಿದ್ದ ಗಾಳಿ ಎಂದು ಗೊತ್ತಾಯಿತು. ಗಾಳಿ ಶಾಖ ಬಿಟ್ಟುಕೊಡುವುದಿಲ್ಲ ಎಂಬುದನ್ನು ನಾನೇ ಎಷ್ಟೋ ಸಲ ಪಾಠ ಮಾಡಿದ್ದೆ, ಆದರೆ ಅದು ಸ್ವೆಟರಿಗೂ ಅನ್ವಯಿಸುತ್ತದೆ ಎಂದು ಯಾವ ಪರೀಕ್ಷೆಯ ಗೈಡಿನಲ್ಲೂ ಬರೆದಿರಲಿಲ್ಲ. ಮೈಗೆ ತಾಗಿ ಬೆವರು ಹೀರಿ ಬೇಗ ಒಣಗುವ ಒಂದು ತೆಳು ಅಂಗಿ, ಹತ್ತಿಯದ್ದಂತೂ ಖಂಡಿತ ಅಲ್ಲ. ಅದರ ಮೇಲೊಂದು ಉಬ್ಬಿದ ಜಾಕೆಟ್ಟು, ಗಾಳಿ ಹಿಡಿದಿಡಲು. ಎಲ್ಲದರ ಮೇಲೆ ಗಾಳಿಮಳೆ ತಡೆಯುವ ತೆಳು ಕೋಟು. ನಡೆಯುವಾಗ ಕಳಚು, ನಿಂತಾಗ ಹಾಕು. ಇಷ್ಟೇ ವಿದ್ಯೆ. ನಾನು ಅಡುಗೆಮನೆಯ ತಕ್ಕಡಿ ತಂದು ಒಂದೊಂದೇ ಬಟ್ಟೆ ತೂಗಿದೆ. ಕಾಲುಚೀಲವನ್ನು ತಕ್ಕಡಿಯಲ್ಲಿಟ್ಟ ದಿನ ಅತ್ತೆ ಆ ತಟ್ಟೆಯನ್ನು ಹುಣಸೆಹಣ್ಣು ಹಚ್ಚಿ ಮೂರು ಸಲ ತೊಳೆದರು.

ತೊಂದರೆ ಬಂದದ್ದು ಉಬ್ಬಿದ ಜಾಕೆಟ್ಟಿನ ವಿಷಯಕ್ಕೆ. ಶಿರಸಿಯ ಪೇಟೆಯಲ್ಲಿ ಕೇಳಿದರೆ ಬೈಕಿನವರು ಹಾಕುವ ಕೋಟು ತೋರಿಸಿದರು. ಹುಬ್ಬಳ್ಳಿಗೆ ಹೋಗಿ ಎರಡು ತಂದೆ. ಒಪ್ಪಿಗೆಯಾದದ್ದನ್ನು ಇಟ್ಟುಕೊಂಡು ಇನ್ನೊಂದು ವಾಪಸು ಕೊಡುವುದೆಂದು ಮಾತಾಗಿತ್ತು. ಒಂದರೊಳಗೆ ಕಾರ್ಖಾನೆಯ ಎಳೆ, ಒದ್ದೆಯಾದರೂ ಬೆಚ್ಚಗಿಡುತ್ತದಂತೆ, ಆದರೆ ತೂಕ ಜಾಸ್ತಿ. ಇನ್ನೊಂದು ಸುಲಿದ ತೆಂಗಿನಕಾಯಿಗಿಂತ ಹಗುರ, ಒತ್ತಿದರೆ ತನ್ನದೇ ಕಿಸೆಯೊಳಗೆ ಹೋಗಿ ಕೂರುತ್ತದೆ, ಆದರೆ ಒದ್ದೆಯಾಗಬಾರದು. ಇದರಲ್ಲಿ ಯಾವುದು ನನ್ನ ಬೆರಳಿಗೆ ಆಗುತ್ತದೆ ಎಂದು ಸೆಪ್ಟೆಂಬರಿನ ಸೆಕೆಯಲ್ಲಿ ತಿಳಿಯುವುದು ಹೇಗೆ? ಜಾಕೆಟ್ಟು ಹಾಕಿಕೊಂಡು ಬೆಳಿಗ್ಗೆ ನಡೆದು ನೋಡಿದೆ. ದಾರಿಯಲ್ಲಿ ಸಿಕ್ಕಿದವರೆಲ್ಲ, ‘ಎಂತ ಮೇಡಂ, ಜ್ವರನಾ?’ ಎಂದು ಕೇಳಿದರು. ಭೈರುಂಬೆ ಕಡೆಯ ಸಹೋದ್ಯೋಗಿಯೊಬ್ಬಳಂತೂ ಸಂಜೆ ಕಷಾಯದ ಪುಡಿಯನ್ನೇ ಕಳಿಸಿಕೊಟ್ಟಳು.

ಆಗ ನೆನಪಾದದ್ದು ಐಸ್‌ಕ್ರೀಮಿನವ. ಬನವಾಸಿ ರಸ್ತೆಯ ಕಡೆ ಐಸ್‌ಕ್ರೀಮು ದಾಸ್ತಾನು ಮಾಡುವ ದೊಡ್ಡ ಶೀತಲ ಕೋಣೆ ಇಟ್ಟುಕೊಂಡಿದ್ದಾನೆ, ಹಾವೇರಿ ಸೀಮೆಯವನು, ನನ್ನ ಹಳೆಯ ವಿದ್ಯಾರ್ಥಿ. ಹೋಗಿ ಸಂಕೋಚದಿಂದ ವಿಷಯ ಹೇಳಿದೆ. ಅವನ ಮುಖ ಅರಳಿದ್ದು ನೋಡಿದರೆ ಇಂಥದ್ದೊಂದು ದಿನಕ್ಕೆ ಕಾಯುತ್ತಿದ್ದನೋ ಏನೋ.

‘ಬರ್ರಿ ಮೇಡಂ, ಒಳಗ ಬರ್ರಿ. ಎಷ್ಟೊತ್ತು ನಿಲ್ತೀರಿ?’

‘ಒಂದೊಂದಕ್ಕೆ ಹತ್ತು ಹತ್ತು ನಿಮಿಷ.’

‘ಹತ್ತ ಅಂದ್ರ ಹತ್ತ. ನಡುವ ಬಾಗಲಾ ತಗೀಯಂಗಿಲ್ಲ ನೋಡ್ರಿ. ನೀವೂ ನನ್ನ ಬೆಂಚಿನ ಮ್ಯಾಲೆ ನಿಲ್ಲಿಸಿದ್ರ ಗಂಟಿ ಹೊಡಿಯೋ ತನಕ ಇಳಸ್ತಿದ್ದಿಲ್ಲ.’

ಹೀಗೆ ಹೇಳಿ ಬಾಗಿಲು ಹಾಕಿಯೇಬಿಟ್ಟ. ಒಳಗೆ ವೆನಿಲಾ, ಸ್ಟ್ರಾಬೆರಿ, ಗಡ್‌ಬಡ್ ಡಬ್ಬಿಗಳ ಸಾಲಿನ ನಡುವೆ ಐವತ್ತೈದು ವರ್ಷದ ಭೂಗೋಳದ ಉಪನ್ಯಾಸಕಿ ಕೈಕಟ್ಟಿ ನಿಂತಳು. ಮೊದಲ ಜಾಕೆಟ್ಟಿನಲ್ಲಿ ಎಂಟನೆಯ ನಿಮಿಷಕ್ಕೆ ಕಿರುಬೆರಳು ಬಿಳುಚಿತು. ಎರಡನೆಯದರಲ್ಲಿ ಹತ್ತು ಕಳೆದರೂ ಬೆರಳುಗಳು ಕೆಂಪಗೆ, ತೆಪ್ಪಗೆ ಇದ್ದವು. ಹೊರಗೆ ಬಂದಾಗ ಅವನು ಒಂದು ಕೋನು ಕೊಟ್ಟ, ದುಡ್ಡು ತೆಗೆದುಕೊಳ್ಳಲಿಲ್ಲ. ‘ಭೂಗೋಳದಾಗ ಎರಡ ಸಲ ಫೇಲ್ ಆಗೇನ್ರಿ ನಾ. ಇವತ್ತ ಪಾಸ್ ಆದಂಗಾತು’ ಎಂದ. ನಗು ತಡೆಯಲಾಗಲಿಲ್ಲ, ಕೋನು ತಿನ್ನುತ್ತಲೇ ಬಸ್ಸು ಹತ್ತಿದೆ.

ಹಗುರದ್ದೇ ಗೆದ್ದಿತು. ಇನ್ನೊಂದು ಹುಬ್ಬಳ್ಳಿಗೆ ವಾಪಸು ಹೋಯಿತು. ಆದರೆ ಗೆದ್ದ ಜಾಕೆಟ್ಟಿನ ಒಳಗಿನ ಚೀಟಿಯನ್ನು ನಾನು ಮನೆಗೆ ಬಂದು ಕನ್ನಡಕ ಹಾಕಿಕೊಂಡು ಓದಿದೆ. ಒಳಗಿರುವುದು ಬಾತುಕೋಳಿಯ ಪುಕ್ಕ.

ನಮ್ಮ ಮನೆಯ ವಿಷಯ ಹೇಳಬೇಕು. ಈರುಳ್ಳಿಯನ್ನೂ ಹೊರಜಗಲಿಯಲ್ಲಿ ಇಡುವ ಮನೆ ಅದು. ಬೆಳ್ಳುಳ್ಳಿಗೆ ಬೇರೆ ಚಾಕು. ಅತ್ತೆ ಮಡಿ ಉಟ್ಟಿರುವಾಗ ನಾನು ಹತ್ತಿರ ಸುಳಿದರೆ ‘ಅಲ್ಲೇ ಇರು’ ಎಂಬ ಮಾತನ್ನು ಮದುವೆಯಾದಂದಿನಿಂದ ಕೇಳುತ್ತಿದ್ದೇನೆ. ಆ ಮನೆಯೊಳಗೆ, ಆ ಗಂಟಿನ ಜೊತೆ, ಶಿವನ ಗುಡಿಗೆ ಹೋಗುವ ಬಟ್ಟೆಯಲ್ಲಿ ಬಾತುಕೋಳಿ! ವಾಪಸು ಕೊಡೋಣವೆಂದರೆ ಬೆರಳಿನ ಗತಿ? ಅತ್ತೆ ಬಂದು ಜಾಕೆಟ್ಟನ್ನು ಒತ್ತಿ ನೋಡಿ, ‘ಎಷ್ಟ್ ಮೆತ್ತಗಿದ್ದೇ ಇದು! ಒಳಗೆ ಎಂತ ತುಂಬಿದ್ದ?’ ಎಂದು ಕೇಳಿದಾಗ ನನ್ನ ಬಾಯಿಂದ ತಡವಿಲ್ಲದೆ ಸುಳ್ಳು ಬಂತು.

‘ಹತ್ತಿ, ಅತ್ತೆ. ಒಂಥರಾ ವಿದೇಶಿ ಹತ್ತಿ.’

‘ಹತ್ತಿ ಆದ್ರೆ ಅಡ್ಡಿಲ್ಲೆ’ ಎಂದರು ಅತ್ತೆ.

ಹದಿನೈದು ದಿನ ಎಲ್ಲ ಸರಿಯಾಗಿಯೇ ಇತ್ತು. ಪುಕ್ಕದ ಜಾಕೆಟ್ಟಿಗೆ ಒಂದು ಚಾಳಿಯಿದೆ, ಎಲ್ಲೋ ಹೊಲಿಗೆಯ ಸಂದಿಯಿಂದ ಒಂದೊಂದು ಪುಕ್ಕ ಮೂತಿ ಹೊರಗೆ ಹಾಕುತ್ತದೆ. ಒಂದು ಬೆಳಿಗ್ಗೆ ದೇವರ ಗೂಡಿನ ಮುಂದಿನ ರಂಗೋಲಿಯ ಮೇಲೆ ಸಣ್ಣ ಬೂದುಬಣ್ಣದ ಪುಕ್ಕ ಬಿದ್ದಿತ್ತು. ನಾನು ಕಂಡೆ, ಅತ್ತೆಯೂ ಕಂಡರು. ‘ಗುಬ್ಬಿದು ಆಗಿಕ್ಕು’ ಎಂದು ನಾನೇ ಮುಂದಾಗಿ ಹೇಳಿದೆ. ನಮ್ಮಲ್ಲಿ ಗುಬ್ಬಿ ಕಾಣದೆ ವರ್ಷಗಳಾಗಿವೆ. ಅತ್ತೆ ‘ಹ್ಞಾಂ’ ಎಂದರು. ಆ ‘ಹ್ಞಾಂ’ಗೆ ನಾನು ಹೆದರಬೇಕಿತ್ತು.

ಮಾರನೆಯ ವಾರ ನನಗೆ ಕಾಲೇಜಿನಲ್ಲಿ ಕಿರುಪರೀಕ್ಷೆಗಳ ಗಡಿಬಿಡಿ. ಬೆಳಿಗ್ಗೆ ಹೋದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ. ಹೊರಡುವ ಹಿಂದಿನ ದಿನ ಚೀಲ ತುಂಬಲು ಕೂತಾಗ ಜಾಕೆಟ್ಟು ತನ್ನ ಕಿಸೆಯೊಳಗೆ ಹೋಗಲು ಒಪ್ಪಲಿಲ್ಲ. ಒತ್ತಿದೆ, ಮಡಚಿದೆ, ಮೇಲೆ ಕೂತೆ. ಅವತ್ತು ಭಾನುವಾರ ಮಧ್ಯಾಹ್ನ, ನಮ್ಮನೆಯವರು ಮಾತಾಡುವ ಹೊತ್ತು. ‘ನೀ ದಪ್ಪ ಆದಂಗೆ ಅದೂ ಆಜು’ ಎಂದರು. ಅವರಿಗೆ ಉತ್ತರ ಕೊಡುವ ಭರದಲ್ಲಿ ಜಾಕೆಟ್ಟಿನ ಬಗ್ಗೆ ಯೋಚಿಸುವುದು ಬಿಟ್ಟುಹೋಯಿತು. ಕೊನೆಗೆ ಅದನ್ನು ಚೀಲದ ಹೊರಗೆ ಕಟ್ಟಿಕೊಂಡೆ. ಅತ್ತೆ ದೇವರ ಗೂಡಿನಿಂದ ಗಂಟು ತಂದು ನನ್ನ ಕೈಯಲ್ಲಿಟ್ಟು, ಜಾಕೆಟ್ಟಿನ ಮೇಲೆ ಒಂದು ಸಲ ಕೈಯಾಡಿಸಿದರು.

ಬೆಟ್ಟದ ಬುಡದ ಊರಿಗೆ ಮುಟ್ಟಿದ ಮಧ್ಯಾಹ್ನ ಗೈಡು ಎಲ್ಲರ ಬಟ್ಟೆ ತಪಾಸಣೆ ಮಾಡಿದ. ಎರಡು ವರ್ಷದ ಹಿಂದಿನವನೇ, ನನ್ನ ಕೈ ಹಿಡಿದು ಕೆಳಗಿಳಿಸಿದವನು. ನನ್ನನ್ನು ನೋಡುತ್ತಲೇ ಗುರುತು ಹಿಡಿದು, ‘ಕಂಬಳಿ ತಂದಿದ್ದೀರಾ?’ ಎಂದು ಹಿಂದಿಯಲ್ಲಿ ಕೇಳಿ ನಕ್ಕ. ನಾನು ಹೆಮ್ಮೆಯಿಂದ ಜಾಕೆಟ್ಟು ತೆಗೆಯಲು ಹೋದೆ. ಅದರ ತೋಳು ಬಾಗಿಲಿನ ಮೊಳೆಗೆ ಸಿಕ್ಕಿ ಚರ್ರೆಂದು ಬೆರಳುದ್ದ ಹರಿಯಿತು. ಒಳಗಿನಿಂದ ಬೂದು ಪುಕ್ಕ ಬರಲಿಲ್ಲ. ಬೆಳ್ಳಗೆ ಹೊಳೆಯುವ, ನವಿರಾದ ಎಳೆ ಬಂತು. ಜೊತೆಗೆ ಒಂದು ಕಪ್ಪು ಬೀಜ ಟಪ್ಪೆಂದು ನೆಲಕ್ಕೆ ಬಿತ್ತು.

ಅದು ಬೂರುಗದ ಹತ್ತಿಯ ಬೀಜ. ನಮ್ಮ ಕಡೆ ದಿಂಬಿಗೆ ತುಂಬುವುದು ಆ ಹತ್ತಿಯನ್ನೇ. ಜಾಕೆಟ್ಟನ್ನು ತಿರುವಿ ನೋಡಿದೆ. ಪಕ್ಕದ ಹೊಲಿಗೆಯನ್ನು ಉದ್ದಕ್ಕೂ ಬಿಚ್ಚಿ, ಒಂದೊಂದು ಅಡ್ಡಪಟ್ಟಿಗೂ ಕಡ್ಡಿಯಿಂದ ಹತ್ತಿ ದೂಡಿ, ಮತ್ತೆ ಕೈಯಿಂದ ಹೊಲಿದಿತ್ತು. ಎಷ್ಟು ಸಣ್ಣ ಹೊಲಿಗೆ ಎಂದರೆ ಕಾರ್ಖಾನೆಯವರು ನಾಚಬೇಕು. ಅಂಥ ಹೊಲಿಗೆ ನಮ್ಮ ಮನೆಯಲ್ಲಿ ಒಬ್ಬರಿಗೇ ಬರುವುದು.

ಸಿಟ್ಟು ನೆತ್ತಿಗೇರಿತು. ಐಸ್‌ಕ್ರೀಮಿನ ಕೋಣೆಯಲ್ಲಿ ನಿಂತದ್ದು, ಹುಬ್ಬಳ್ಳಿಗೆ ಅಲೆದದ್ದು, ಗ್ರಾಮಿನ ಲೆಕ್ಕದಲ್ಲಿ ಕಾಲುಚೀಲ ತೂಗಿದ್ದು, ಎಲ್ಲ ನೀರಿನಲ್ಲಿ ಹೋಮ. ಅಂಗಳಕ್ಕೆ ಹೋಗಿ ಫೋನು ಹಚ್ಚಿದೆ.

‘ಅತ್ತೆ, ಜಾಕೆಟ್ಟಿಗೆ ಎಂತ ಮಾಡಿದ್ರಿ?’

ಅತ್ತೆ ಫೋನಿನಲ್ಲಿ ಯಾವಾಗಲೂ ಕಿರುಚಿಯೇ ಮಾತಾಡುವುದು. ‘ಗೊತ್ತಾತಾ? ಹೊಲಿಗೆ ಬಿಟ್ಟೋತನೆ?’

‘ಹೊಲಿಗೆ ಬಿಟ್ಟಿದ್ದಿಲ್ಲೆ. ಒಳಗಿದ್ದದ್ದು ಎಲ್ಲಿ ಹೋತು?’

‘ದಾಸಾಳ ಗಿಡದ ಬುಡಕ್ಕೆ ಹಾಕಿದ್ದಿ. ಗೊಬ್ಬರ ಆಗ್ತು.’

‘ಅಯ್ಯೋ ರಾಮಾ! ನಂಗೆ ಒಂದು ಮಾತು ಹೇಳಲಾಗಿತ್ತಿಲ್ಯಾ?’

‘ನೀ ಯಂಗೆ ನಿಜ ಹೇಳಿದ್ಯನೆ?’ ಎಂದರು ಅತ್ತೆ. ಆಮೇಲೆ ಅವರ ದನಿ ಸ್ವಲ್ಪ ಇಳಿಯಿತು. ‘ನೀ ಹತ್ತಿ ಹೇಳಿದ್ಯಲೆ ಕೂಸೇ. ಆನು ಹತ್ತಿನೇ ತುಂಬಿದ್ದಿ. ಈಗ ನಿನ್ನ ಮಾತು ಸುಳ್ಳಾಜಿಲ್ಲೆ. ನೀ ಹಿಂದೆ ಬರಡ, ಗಂಟು ಮುಟ್ಸಿಕ್ಕಿ ಬಾ.’

ಅಷ್ಟರಲ್ಲಿ ಲೈನು ಕಟ್ಟಾಯಿತು. ಬಯ್ಯಬೇಕೆಂದಿದ್ದ ಬಯ್ಗುಳವೆಲ್ಲ ನನ್ನ ಬಳಿಯೇ ಉಳಿಯಿತು, ನಾಚಿಕೆಯ ಜೊತೆಗೆ.

ಗೈಡಿಗೆ ನಿಜ ಹೇಳಿದೆ. ಮುಚ್ಚಿಡಲು ನನ್ನ ಹತ್ತಿರ ಇನ್ನು ಸುಳ್ಳು ಉಳಿದಿರಲಿಲ್ಲ. ಈ ಸಲವೂ ಗಂಟು ವಾಪಸು ಹೋದರೆ ಮತ್ತೆ ತರಲು ನನ್ನ ಮೊಣಕಾಲಿಗೂ ಧೈರ್ಯವಿಲ್ಲ, ಕಾಯಲು ಅತ್ತೆಗೂ ವಯಸ್ಸಿಲ್ಲ ಎಂದೂ ಹೇಳಿದೆ. ಅವನು ಹರಿದ ಜಾಗದಿಂದ ಎಳೆ ಎಳೆದು, ಬೆರಳಲ್ಲಿ ಹೊಸಕಿ, ‘ಇದು ಸೇಮಲ್. ನಮ್ಮ ಕೆಳಗಿನ ಊರುಗಳಲ್ಲೂ ಇದೆ, ನನ್ನ ಅಜ್ಜಿಯ ರಜಾಯಿ ಇದರದ್ದೇ’ ಎಂದ. ಪುಕ್ಕದಷ್ಟು ಬೆಚ್ಚಗಿರುವುದಿಲ್ಲ, ಆದರೆ ತೆಗೆದುಹಾಕುವ ಹಾಗೂ ಇಲ್ಲವಂತೆ. ಇದನ್ನು ಹಾಕಿಕೊಂಡು ಅಂಗಳದಲ್ಲಿ ಅರ್ಧ ತಾಸು ಕೂತಿರಿ, ಬೆರಳು ಕೆಂಪಗಿದ್ದರೆ ನಾಳೆ ಕರೆದುಕೊಂಡು ಹೋಗುತ್ತೇನೆ, ಬೆಳ್ಳಗಾದರೆ ಇಲ್ಲೇ ಚಾ ಕುಡಿಯುತ್ತ ಇರಿ ಎಂದ. ಐಸ್‌ಕ್ರೀಮಿನ ಹಾವೇರಿಯವನಿಗಿಂತ ಇವನು ಕಟ್ಟುನಿಟ್ಟು, ಮೂವತ್ತು ನಿಮಿಷ.

ಕೂತೆ. ಹರಿದ ತೋಳಿಗೆ ಅಂಟುಪಟ್ಟಿ ಹಚ್ಚಿ, ಮೇಲೆ ಗಾಳಿ ತಡೆಯುವ ಕೋಟು ಹಾಕಿ, ಸಂಜೆಯ ಗಾಳಿಗೆ ಮುಖ ಕೊಟ್ಟು ಕೂತೆ. ಉಳಿದ ಹೆಂಗಸರು ಕಿಟಕಿಯಿಂದ ನೋಡುತ್ತಿದ್ದರು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಪ್ರತಿ ಬೆರಳನ್ನೂ ನಾನು ಉತ್ತರಪತ್ರಿಕೆ ನೋಡುವ ಹಾಗೆ ನೋಡಿದೆ. ಮೂವತ್ತಕ್ಕೆ ಗೈಡು ಬಂದು ಕೈ ಮುಟ್ಟಿ, ‘ಬೆಳಿಗ್ಗೆ ಆರಕ್ಕೆ ತಯಾರಿರಿ’ ಎಂದು ಹೋದ.

ಮರುದಿನ ಬೆಳಿಗ್ಗೆ ಹತ್ತುವಾಗ ಕಲಿತದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದೆ. ನಡೆಯುವಾಗ ಜಾಕೆಟ್ಟು ಕಳಚಿದೆ, ನಿಂತ ಕಡೆಯೆಲ್ಲ ಹಾಕಿಕೊಂಡೆ. ಹಿಂದಿನ ಸಲ ಕೂತು ಅತ್ತಿದ್ದ ಕಲ್ಲು ಸಿಕ್ಕಿತು, ಅದನ್ನು ದಾಟಿದೆ. ಅದರಾಚೆ ಗಾಳಿ ಜೋರು. ಒಂದು ತಿರುವಿನಲ್ಲಿ ಸುಧಾರಿಸಿಕೊಳ್ಳಲು ನಿಂತು, ಜಾಕೆಟ್ಟಿನ ಜಿಪ್ಪನ್ನು ಗದ್ದದ ತನಕ ಎಳೆದುಕೊಂಡೆ. ನಡೆದ ಮೈಯ ಬಿಸಿ ಒಳಗೆ ತುಂಬಿಕೊಂಡಿತು. ಆ ಬಿಸಿಗೆ ಕೊರಳ ಪಟ್ಟಿಯಿಂದ ಒಂದು ವಾಸನೆ ಎದ್ದು ಬಂತು, ಕೊಬ್ಬರಿ ಎಣ್ಣೆಗೆ ಒಂದೆಲಗ ಹಾಕಿ ಕಾಸಿದ ವಾಸನೆ.

ಕೊರಳ ಪಟ್ಟಿಗೆ ಮೂಗು ಒತ್ತಿ ಮತ್ತೆ ಮೂಸಿದೆ. ನಾವು ಶಾಂಪೂ ಹಾಕುವವರು. ಮನೆಯಲ್ಲಿ ಆ ಎಣ್ಣೆ ತಲೆಗೆ ಹಾಕುವುದು ಅತ್ತೆ ಒಬ್ಬರೇ.

ಆಗ ಹೊಳೆಯಿತು ನೋಡಿ. ಬೂರುಗದ ಕಾಯಿ ಒಡೆಯುವುದು ಬೇಸಿಗೆಯಲ್ಲಿ, ದಸರಾದಲ್ಲಲ್ಲ. ಅದೂ ಅಲ್ಲದೆ ನಮ್ಮ ಮನೆಯ ಹಿಂದಿನ ಬೂರುಗದ ಮರ ಗಾಳಿಗೆ ಬಿದ್ದು ನಾಲ್ಕು ವರ್ಷವಾಯಿತು. ಆ ಮರದ ಕೊನೆಯ ಹತ್ತಿ ಇದ್ದದ್ದು ಒಂದೇ ಕಡೆ, ಅತ್ತೆಯ ದಿಂಬಿನಲ್ಲಿ. ಅದಿಲ್ಲದೆ ಅವರಿಗೆ ನಿದ್ದೆ ಬರುವುದಿಲ್ಲ. ಮಗಳ ಮನೆಗೆ ಹೋಗುವಾಗಲೂ ಚೀಲದಲ್ಲಿ ಹಾಕಿ ಒಯ್ಯುತ್ತಿದ್ದ ದಿಂಬು. ಭೂಗೋಳದ ಮೇಷ್ಟ್ರಿಗೆ ಋತುಮಾನ ನೆನಪಾಗಲು ಹನ್ನೆರಡು ಸಾವಿರ ಅಡಿ ಹತ್ತಬೇಕಾಯಿತು.

ಗುಡಿಗೆ ಮುಟ್ಟಿದೆ. ಕ್ಯಾಲೆಂಡರಿನಲ್ಲಿದ್ದಷ್ಟು ಹಿಮವಿರಲಿಲ್ಲ, ಗೋಡೆಯ ನೆರಳಿನಲ್ಲಿ ಅಲ್ಲಲ್ಲಿ ಹಳೆಯದು ಉಳಿದಿತ್ತು. ಇಪ್ಪತ್ತಾರು ವರ್ಷ ಪಾಠ ಮಾಡಿದ್ದನ್ನು ಒಂದು ಬೆರಳಿನಿಂದ ಮುಟ್ಟಿದೆ. ಫ್ರಿಜ್ಜಿನದರ ಹಾಗೇ ಇತ್ತು. ಒಳಗೆ ಹೋಗಿ ದೇವರ ಮುಂದೆ ಗಂಟು ಇಟ್ಟೆ. ಅರ್ಚಕರು ಯಾರ ಹೆಸರಿನಲ್ಲಿ ಎಂದು ಕೇಳಿದರು. ಅತ್ತೆಯ ಹೆಸರು ಹೇಳಿದೆ. ಜಾಕೆಟ್ಟು ಕಳಚಿ ಹೊರಗಿಟ್ಟು ಬರಬೇಕೆಂದು ಮೊದಲು ಅಂದುಕೊಂಡಿದ್ದೆ, ಕಳಚಲಿಲ್ಲ. ಹಾಕಿಕೊಂಡೇ ಮೂರು ಸುತ್ತು ಬಂದೆ. ಬೆರಳುಗಳು ಕೊನೆಯ ತನಕ ಕೆಂಪಗಿದ್ದವು.

ಹೇರೂರಿಗೆ ಬಂದು ಮುಟ್ಟಿದ್ದು ಮಧ್ಯಾಹ್ನ. ಅತ್ತೆ ಊಟ ಮುಗಿಸಿ ಜಗುಲಿಯಲ್ಲಿ ಮಲಗಿದ್ದರು, ತಲೆಯಡಿ ಮಡಚಿದ ಹಳೆಯ ಸೀರೆ. ನನ್ನ ಹೆಜ್ಜೆ ಕೇಳಿ ಎದ್ದು ಕೂತರು. ಮೊದಲ ಪ್ರಶ್ನೆ, ‘ಚಳಿ ಆತಾ?’

‘ಇಲ್ಲೆ. ಗಂಟು ಮುಟ್ತು’ ಎಂದೆ.

ಅತ್ತೆ ಎರಡೂ ಕೈ ಎತ್ತಿ ಅಡುಗೆಮನೆಯ ಗೋಡೆಯ ದಿಕ್ಕಿಗೆ ಮುಗಿದರು. ನಾನು ಪ್ರಸಾದ ಕೊಟ್ಟು ಪಕ್ಕದಲ್ಲಿ ಕೂತೆ.

‘ಅತ್ತೆ, ದಿಂಬೆಲ್ಲಿ?’

‘ದಿಂಬು ಎಂತಕ್ಕೆ? ಕುತ್ತಿಗೆಗೆ ಒಳ್ಳೇದಲ್ಲ ಹೇಳಿ ಡಾಕ್ಟರು ಹೇಳಿದ್ದ.’

‘ಯಾವ ಡಾಕ್ಟರು?’

ನಮ್ಮ ಮನೆಯಲ್ಲಿ ಸುಳ್ಳು ಹೇಳಲು ನಾನೊಬ್ಬಳೇ ಕಲಿತದ್ದಲ್ಲ ಎಂದು ಅವತ್ತು ತಿಳಿಯಿತು. ಅತ್ತೆ ಸೀರೆಯ ಅಂಚು ಸರಿಮಾಡಿಕೊಂಡರು. ಪುಕ್ಕ ಮಡಿಯಲ್ಲ, ಸರಿ, ಅದಕ್ಕೆ ತೆಗೆದಿರಿ, ಆದರೆ ಪೇಟೆಯಿಂದ ಹತ್ತಿ ತರಿಸಬಹುದಿತ್ತಲ್ಲ, ಇದ್ದ ಒಂದು ದಿಂಬು ಯಾಕೆ ಬಿಚ್ಚಿದಿರಿ ಎಂದು ನಾನು ಗದರಿಸಿಯೇಬಿಟ್ಟೆ. ಗದರಿಸದೆ ಇದ್ದಿದ್ದರೆ ಅಳುತ್ತಿದ್ದೆ.

‘ಥೋ, ಸುಮ್ನಿರೇ ಮಾರಾಯ್ತಿ’ ಎಂದರು ಅತ್ತೆ. ‘ನಲವತ್ತು ವರ್ಷ ಆ ದಿಂಬಿನ ಮ್ಯಾಲೆ ತಲೆ ಇಟ್ಕಂಡು ಆ ದಾರಿ ಹೇಳ್ಕ್ಯಂಡಿದ್ದಿ. ಯಂಗಂತೂ ಹೋಪಲಾಜಿಲ್ಲೆ. ದಿಂಬಾದ್ರೂ ಹೋಗಿ ಬರ್ಲಿ ಹೇಳಿ ಕಂಡ್ತು.’

ಆಮೇಲೆ ನಾನು ಅತ್ತುಬಿಟ್ಟೆ ಎಂಬುದನ್ನು ಬರೆಯಲು ನಾಚಿಕೆಯೇನಿಲ್ಲ. ಅತ್ತೆಯೂ ಅತ್ತರು, ಆದರೆ ಕಣ್ಣಿಗೆ ಕಸ ಬಿತ್ತು ಎಂದರು.

ಜಾಕೆಟ್ಟನ್ನು ಅವರ ಕೈಗೆ ಕೊಟ್ಟೆ. ಬಿಚ್ಚಿ ಮತ್ತೆ ದಿಂಬಿಗೆ ತುಂಬುವುದು ಬೇಡವೇ ಬೇಡ ಎಂದರು. ಹಾಗೇ ಸುತ್ತಿ, ಬಿಳಿ ಬಟ್ಟೆಯ ಗೌಸು ಹಾಕಿ ತಲೆಯಡಿ ಇಟ್ಟುಕೊಳ್ಳುತ್ತಾರೆ. ಬಂದವರಿಗೆಲ್ಲ ಗೌಸು ಸರಿಸಿ ಜಿಪ್ಪು ತೋರಿಸುವುದೂ ಉಂಟು. ನಾನು ಈಗ ಬೇರೆ ಜಾಕೆಟ್ಟು ತಂದಿದ್ದೇನೆ, ಕಾರ್ಖಾನೆಯ ಎಳೆಯದ್ದು, ಚೀಟಿಯನ್ನು ಅಂಗಡಿಯಲ್ಲೇ ಓದಿ. ದಾಸವಾಳ ಗಿಡ ಆ ವರ್ಷ ಎಲೆಗಿಂತ ಹೆಚ್ಚು ಹೂ ಬಿಟ್ಟಿತು. ಆ ಹೂವು ದಿನಾ ದೇವರಿಗೆ ಹೋಗುತ್ತಿತ್ತು. ‘ಬಾತುಕೋಳಿ ತಿಂದ ಗಿಡದ ಹೂವು, ಅದು ಮಡಿ ಹೌದಾ?’ ಎಂದು ನಾನು ಕೆಣಕಿದರೆ, ‘ಮಣ್ಣಿಗೆ ಹೋದ ಮ್ಯಾಲೆ ಎಲ್ಲಾ ಮಡಿಯೇಯ’ ಎಂದು ಅತ್ತೆ ಬಾಯಿ ಮುಚ್ಚಿಸುತ್ತಾರೆ.

ಮಧ್ಯಾಹ್ನದ ಊರುಗಳ ಲೆಕ್ಕ ಇನ್ನೂ ನಿಂತಿಲ್ಲ. ಆದರೆ ಈಗ ಅವರು ಹೇರೂರಿನಿಂದ ಶುರುಮಾಡುವುದಿಲ್ಲ. ಆ ಜಾಕೆಟ್ಟಿನ ಮೇಲೆ ತಲೆಯಿಟ್ಟು, ಕಣ್ಣು ಮುಚ್ಚಿ, ಗುಡಿಯಿಂದಲೇ ಶುರುಮಾಡುತ್ತಾರೆ. ರುದ್ರಪ್ರಯಾಗ, ದೇವಪ್ರಯಾಗ, ಋಷಿಕೇಶ, ಹರಿದ್ವಾರ, ದಿಲ್ಲಿ, ಹುಬ್ಬಳ್ಳಿ, ಶಿರಸಿ. ಹೇರೂರು ಎಂದು ಹೇಳಿ ಆದ ಮೇಲೆಯೇ ನಿದ್ದೆ ಹೋಗುತ್ತಾರೆ.